ಅವಳನ್ನೊಂದು ಮಾತು ಕೇಳಬಹುದಿತ್ತು

ಹೋದ ತಿಂಗಳು ಮಗಳ ಮನೆಯಲ್ಲಿದ್ದೆ. ರಾತ್ರಿ ಊಟ ಮುಗಿದು, ಅಡಿಗೆಮನೆ ಒರೆಸಿ ದೀಪ ಆರಿಸಿದ ಮೇಲೆ ಎಲ್ಲರೂ ಟಿ.ವಿ. ಮುಂದೆ ಕುಳಿತೆವು. ಈಗೆಲ್ಲ ವಾರಕ್ಕೊಂದು ಕಂತಿಗೆ ಕಾಯುವ ಕಷ್ಟವಿಲ್ಲ. ಹತ್ತೂ ಕಂತುಗಳನ್ನು ಒಂದೇ ಎಲೆಗೆ ಬಡಿಸಿಬಿಡುತ್ತಾರೆ. ಮೊದಲು ಕಪ್ಪು ಪರದೆಯ ಮೇಲೆ ‘ನಿಜ ಘಟನೆಗಳನ್ನು ಆಧರಿಸಿದ್ದು’ ಎಂಬ ಸಾಲು ಬಂತು. ಅದರ ಹಿಂದೆಯೇ ಸಣ್ಣ ಅಕ್ಷರದಲ್ಲಿ ಇನ್ನೊಂದು: ಕೆಲವು ಪಾತ್ರ, ಸನ್ನಿವೇಶ, ಸಂಭಾಷಣೆಗಳನ್ನು ನಾಟಕೀಯತೆಗಾಗಿ ಕಲ್ಪಿಸಿಕೊಳ್ಳಲಾಗಿದೆ ಎಂದು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅದು ಮಾಯವಾಗಿತ್ತು.

ಕಥೆ ಒಬ್ಬ ಹೆಂಗಸಿನದು. ಪತ್ರಿಕೆಗಳಲ್ಲಿ ನಾವೆಲ್ಲ ಹೆಸರು ಓದಿದ್ದ, ಇನ್ನೂ ಬದುಕಿರುವ ಹೆಂಗಸು. ಎರಡನೆಯ ಕಂತಿನ ಹೊತ್ತಿಗೆ ಅವಳು ಮಲಗುವ ಕೋಣೆಯಲ್ಲಿ ಗಂಡನ ಜೊತೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಆಡಬಾರದ ಒಂದು ಮಾತನ್ನೂ ಆಡಿದಳು. ನಮ್ಮೊಡನೆ ಕುಳಿತಿದ್ದ ಪಕ್ಕದ ಮನೆಯಾಕೆ, “ಅಯ್ಯೋ, ಇವಳು ಹೀಗಾ! ನೋಡಿದ್ರೆ ಎಷ್ಟು ಗಂಭೀರವಾಗಿ ಕಾಣ್ತಾಳೆ” ಎಂದರು.

ನಾನು ಮಗಳನ್ನು ಕೇಳಿದೆ, “ಬಾಗಿಲು ಹಾಕ್ಕೊಂಡು ಗಂಡಹೆಂಡತಿ ಆಡಿದ ಮಾತು ಇವರಿಗೆ ಹೇಗೆ ಗೊತ್ತಾಯ್ತೇ? ಅವಳನ್ನ ಕೇಳಿದ್ರಾ?”

ಮಗಳು ಪರದೆಯಿಂದ ಕಣ್ಣು ತೆಗೆಯದೆ, “ಅವರು ಪಬ್ಲಿಕ್ ಫಿಗರ್ ಅಲ್ವಾಮ್ಮ, ಕೇಳೋದೇನಿದೆ?” ಎಂದಳು.

ಅವಳು ಒರಟಾಗೇನೂ ಹೇಳಲಿಲ್ಲ. ತೀರ ಸಹಜವೆಂಬಂತೆ ಹೇಳಿದಳು. ನನ್ನ ನಿದ್ದೆ ಕೆಡಿಸಿದ್ದು ಆ ಸಹಜತೆಯೇ. ಬೀದಿಯಲ್ಲಿ ನಡೆದ ಹೆಂಗಸಿನ ಮನೆಯೂ ಬೀದಿಯೇ ಎಂಬ ತೀರ್ಮಾನಕ್ಕೆ ನಾವು ಯಾವಾಗ ಬಂದೆವು?

ಯೋಚಿಸುತ್ತ ಹೋದಂತೆ 1996ರ ಮಳೆಗಾಲದ ಒಂದು ಮಧ್ಯಾಹ್ನ ನೆನಪಾಯಿತು. ನಾವಾಗ ಇದ್ದದ್ದು ಎರಡೇ ಎರಡು ಟಾಕೀಸುಗಳಿದ್ದ ಒಂದು ತಾಲ್ಲೂಕು ಊರಿನಲ್ಲಿ. ‘ಬ್ಯಾಂಡಿಟ್ ಕ್ವೀನ್’ ಬಂದಿತ್ತು. ಪೋಸ್ಟರಿನ ಮೂಲೆಯಲ್ಲಿ ‘ಎ’ ಎಂದು ಎದ್ದು ಕಾಣುವಂತೆ ಹಾಕಿದ್ದರು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ನನ್ನ ಗೆಳತಿ, “ಹೆಂಗಸರು ನೋಡಲೇಬೇಕಾದ ಚಿತ್ರ ಕಣೇ. ನಮ್ಮ ಮೇಲಾಗೋ ಅನ್ಯಾಯಾನ ಮುಚ್ಚುಮರೆ ಇಲ್ಲದೆ ತೋರಿಸಿದ್ದಾರಂತೆ” ಎಂದಳು. ಮನೆಯಲ್ಲಿ ಅರಿಸಿನಕುಂಕುಮಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ಮ್ಯಾಟಿನಿಗೆ ಹೋದೆ. ಬಾಲ್ಕನಿಯಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಐದೇ ಹೆಂಗಸರು. ಕೆಳಗೆ ಟಾಕೀಸು ತುಂಬಿತ್ತು.

ಊರಿನ ಗಂಡಸರೆಲ್ಲ ನೋಡುತ್ತ ನಿಂತಿರುವಾಗ ಆ ಹೆಂಗಸಿನ ಬಟ್ಟೆ ಕಿತ್ತು, ಬರಿಮೈಯಲ್ಲಿ ಬಾವಿಗೆ ನೀರು ತರಲು ಅಟ್ಟುವ ದೃಶ್ಯ ಬಂತು. ಗೆಳತಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಆಗ ಕೆಳಗೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಬಂತು. ಒಂದಲ್ಲ, ನಾಲ್ಕಾರು. ಯಾರೋ ಒಬ್ಬ ‘ಒನ್ಸ್ ಮೋರ್’ ಎಂದು ಕೂಗಿದ. ಸುತ್ತಲಿದ್ದವರು ನಕ್ಕರು.

ಚಿತ್ರ ಬಿಟ್ಟಾಗ ನಾವು ಐದು ಮಂದಿಯೂ ಸೆರಗನ್ನು ತಲೆಯ ಮೇಲೆಳೆದುಕೊಂಡು, ನಾವೇ ತಪ್ಪು ಮಾಡಿದವರ ಹಾಗೆ ಗೋಡೆ ಬದಿಯಲ್ಲಿ ನಡೆದು ಹೊರಬಂದೆವು. ಪರದೆಯ ಮೇಲಿದ್ದದ್ದು ಕಟ್ಟುಕಥೆಯ ಹೆಣ್ಣಲ್ಲ. ಅವಳ ಹೆಸರು ಫೂಲನ್ ದೇವಿ. ಅದೇ ವರ್ಷದ ಚುನಾವಣೆಯಲ್ಲಿ ಆಕೆ ಉತ್ತರಪ್ರದೇಶದ ಮಿರ್ಜಾಪುರದಿಂದ ಗೆದ್ದು ಲೋಕಸಭೆಗೆ ಹೋಗಿದ್ದಳು. ಅಲ್ಲಿ ದಿಲ್ಲಿಯಲ್ಲಿ ಆಕೆ ಸಂಸತ್ ಸದಸ್ಯೆ. ಇಲ್ಲಿ ನಮ್ಮೂರ ಟಾಕೀಸಿನಲ್ಲಿ ಅವಳ ಹೆಸರಿಟ್ಟೇ ದಿನಕ್ಕೆ ಹಲವು ಆಟ ಅವಳನ್ನು ಬೆತ್ತಲೆ ಮಾಡುತ್ತಿದ್ದರು. ಇದನ್ನು ನ್ಯಾಯವೆಂದು ಒಪ್ಪಲು ಅಂದೂ ನನ್ನಿಂದ ಆಗಲಿಲ್ಲ, ಇಂದೂ ಆಗುತ್ತಿಲ್ಲ.

ಫೂಲನ್ ಕಥೆ ನಿಮಗೆ ಗೊತ್ತಿರುವುದೇ. ದೋಣಿ ನಡೆಸುವ ಮಲ್ಲಾ ಜಾತಿಯ ಬಡ ಮನೆಯಲ್ಲಿ 1963ರಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಅವಳಿಗಿಂತ ಎಷ್ಟೋ ದೊಡ್ಡವನಿಗೆ ಕಟ್ಟಿದರು. ಮುಂದೆ ಚಂಬಲ್ ಕಣಿವೆಯ ಡಕಾಯಿತರ ಗುಂಪು ಸೇರಿದಳು. 1981ರ ಫೆಬ್ರವರಿ 14ರಂದು ಬೆಹಮಾಯಿ ಎಂಬ ಹಳ್ಳಿಯಲ್ಲಿ 20 ಮಂದಿಯನ್ನು ಸಾಲಾಗಿ ನಿಲ್ಲಿಸಿ ಕೊಂದ ಪ್ರಕರಣದಲ್ಲಿ ಅವಳ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ತಾನು ಅಲ್ಲಿ ಯಾರನ್ನೂ ಕೊಂದಿಲ್ಲ ಎಂದು ಆಕೆ ಹೇಳುತ್ತ ಬಂದಳು. 1983ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಭಿಂಡ್‌ನಲ್ಲಿ ಶರಣಾದಳು. ಹನ್ನೊಂದು ವರ್ಷ ಜೈಲಿನಲ್ಲಿದ್ದು 1994ರಲ್ಲಿ ಹೊರಬಂದಳು. ಅವಳು ಬರುವ ಹೊತ್ತಿಗೆ ಅವಳ ಬದುಕಿನ ಸಿನಿಮಾ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಆ ಮೇ ತಿಂಗಳಲ್ಲೇ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು.

ಶೇಖರ್ ಕಪೂರ್ ನಿರ್ದೇಶನದ ಆ ಚಿತ್ರ, ಮಾಲಾ ಸೆನ್ ಎಂಬ ಲೇಖಕಿ ಬರೆದ ಫೂಲನ್ ಜೀವನಕಥೆಯನ್ನು ಆಧರಿಸಿದ್ದು. ಆ ಪುಸ್ತಕಕ್ಕೆ ಮೂಲ, ಓದುಬರಹ ಬಾರದ ಫೂಲನ್ ಜೈಲಿನಲ್ಲಿದ್ದಾಗ ಬಾಯಲ್ಲಿ ಹೇಳಿ ಬರೆಸಿದ ಮಾತುಗಳು. ಚಿತ್ರ ತಯಾರಾದಾಗ ಅದರ ವಿರುದ್ಧ ಮೊದಲು ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಅರುಂಧತಿ ರಾಯ್ ಒಬ್ಬರು. ಆಗ ಅವರು ಕಾದಂಬರಿಕಾರ್ತಿಯೆಂದು ಹೆಸರಾಗಿರಲಿಲ್ಲ. ನಿರ್ದೇಶಕರು ಬದುಕಿರುವ ಆ ಹೆಂಗಸನ್ನು ಒಮ್ಮೆಯೂ ಕಾಣದೆ ಅವಳ ಬದುಕನ್ನು ಸತ್ಯಕಥೆಯೆಂದು ಹಣೆಪಟ್ಟಿ ಹಚ್ಚಿ ತೋರಿಸಿದ್ದಾರೆ ಎಂಬುದು ಅವರ ಆಕ್ಷೇಪಣೆ.

ಆ ಚರ್ಚೆಯಲ್ಲಿ ಬಂದ ಒಂದು ವಿವರ ನನ್ನ ಮನಸ್ಸಿನಿಂದ ಹೋಗಿಯೇ ಇಲ್ಲ. ಬೆಹಮಾಯಿಯಲ್ಲಿ ತನ್ನ ಮೈಮೇಲೆ ನಡೆದದ್ದನ್ನು ಫೂಲನ್ ಬಿಡಿಸಿ ಹೇಳಲಿಲ್ಲವಂತೆ. ಆ ಜನ ನನ್ನನ್ನು ‘ಮಜಾಕ್’ ಮಾಡಿದರು ಎಂಬರ್ಥದ ಒಂದು ಮಾತಿನಲ್ಲಿ ಮುಗಿಸಿಬಿಟ್ಟಳಂತೆ. ಮಜಾಕ್ ಅಂದರೆ ತಮಾಷೆ, ಗೇಲಿ.

ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರು, ಅತ್ತೆಯರು ಎಂಥೆಂಥದೋ ನೋವನ್ನು ‘ಆಗಬಾರದ್ದು ಆಯ್ತು’ ಎಂಬ ಒಂದೇ ಮಾತಿನಲ್ಲಿ ಮಡಿಸಿಟ್ಟದ್ದನ್ನು ನಾವು ಕೇಳಿದ್ದೇವೆ. ಅದು ಹೇಳಲು ಬಾರದೆ ಬಿಟ್ಟ ಮಾತಲ್ಲ, ಇಷ್ಟೇ ಹೇಳುತ್ತೇನೆ ಎಂದು ಅವಳೇ ಎಳೆದುಕೊಂಡ ಗೆರೆ. ಎಲ್ಲವನ್ನೂ ಕಸಿದುಕೊಂಡ ಮೇಲೂ ಒಂದು ಅವಳ ಕೈಯಲ್ಲಿ ಉಳಿದಿರುತ್ತದೆ. ತನ್ನ ಅವಮಾನವನ್ನು ಯಾರಿಗೆ, ಎಷ್ಟು, ಯಾವ ಮಾತಿನಲ್ಲಿ ಹೇಳಬೇಕು ಎಂಬ ತೀರ್ಮಾನ. ಫೂಲನ್ ಒಂದು ಪದದಿಂದ ಮುಚ್ಚಿದ್ದನ್ನು ಸಿನಿಮಾ ನಿಮಿಷಗಟ್ಟಲೆ ಬಿಚ್ಚಿ ತೋರಿಸಿತು. ಹೆಣ್ಣಿನ ಪರವಾಗಿ ತೋರಿಸಿದ್ದೇವೆ ಎಂದಿತು. ಉರಿಯುವ ಮನೆಯ ಗಳ ಹಿರಿಯುವವರೂ ಬೆಂಕಿ ಆರಿಸಲು ಬಂದವರ ವೇಷದಲ್ಲೇ ಬರುತ್ತಾರೆ.

ಅನ್ಯಾಯವನ್ನು ತೋರಿಸದಿದ್ದರೆ ಜನರಿಗೆ ಮುಟ್ಟುವುದು ಹೇಗೆ ಎನ್ನುತ್ತಾರೆ. ನಮ್ಮ ಬಯಲಾಟಗಳಲ್ಲಿ ದ್ರೌಪದಿಯ ವಸ್ತ್ರಾಪಹರಣ ಎಷ್ಟು ಕಾಲದಿಂದ ನಡೆದುಕೊಂಡು ಬಂದಿದೆ! ದ್ರೌಪದಿಯ ವೇಷ ಹಾಕಿದವನು ಗಂಡಸು ಎಂದು ಎಲ್ಲರಿಗೂ ಗೊತ್ತು. ದುಶ್ಶಾಸನ ಒಂದು ಸೆರಗಿನ ತುದಿ ಹಿಡಿದು ಅಬ್ಬರಿಸುತ್ತಾನೆ, ಅಷ್ಟೆ. ಚಾಪೆ ಹಾಸಿಕೊಂಡು ಕುಳಿತ ಹೆಂಗಸರು ಬಿಕ್ಕಿಬಿಕ್ಕಿ ಅತ್ತು, ದುಶ್ಶಾಸನನಿಗೆ ಶಾಪ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಬಟ್ಟೆ ಬಿಚ್ಚದೆಯೇ ಆ ಅನ್ಯಾಯ ನಮಗೆ ಅರ್ಥವಾಗಿತ್ತು.

ಫೂಲನ್ ಸುಮ್ಮನಿರಲಿಲ್ಲ. ದಿಲ್ಲಿ ಹೈಕೋರ್ಟಿಗೆ ಹೋದಳು. ಚಿತ್ರ ತನ್ನ ಖಾಸಗಿತನಕ್ಕೆ ಕೈಹಾಕಿದೆ, ನಡೆಯದ್ದನ್ನು ನಡೆದಂತೆ ತೋರಿಸಿದೆ ಎಂದಳು. 1994ರಲ್ಲಿ ಕೋರ್ಟು ಪ್ರದರ್ಶನಕ್ಕೆ ತಡೆ ಕೊಟ್ಟಿತು. ಕಡೆಗೆ, ಹಣ ಹಾಕಿದ್ದ ಬ್ರಿಟನ್ನಿನ ಚಾನೆಲ್ 4 ಸಂಸ್ಥೆಯಿಂದ 40,000 ಪೌಂಡ್ ಬಂದ ಮೇಲೆ ಆಕೆ ಆಕ್ಷೇಪಣೆಯನ್ನು ಹಿಂತೆಗೆದುಕೊಂಡಳು.

“ನೋಡಿ, ದುಡ್ಡು ಸಿಕ್ಕಿತು, ಮಾನದ ಮಾತು ಮರೆತಳು” ಎಂದು ಆಗ ಆಡಿಕೊಂಡವರಿದ್ದರು. ನಮ್ಮ ಮಹಿಳಾ ಸಮಾಜದಲ್ಲೂ ಇದ್ದರು. ಅವರಿಗೆ ನಾನು ಅಂದು ಹೇಳಲಾಗದ್ದನ್ನು ಇಂದು ಹೇಳುತ್ತೇನೆ. ಚಿತ್ರ ಅದಾಗಲೇ ವಿದೇಶಗಳಲ್ಲಿ ಓಡುತ್ತಿತ್ತು. ನೋಡಿದ ಕಣ್ಣುಗಳಿಂದ ಅದನ್ನು ಅಳಿಸುವುದು ಯಾವ ಕೋರ್ಟಿಗೂ ಸಾಧ್ಯವಿರಲಿಲ್ಲ. ಹನ್ನೊಂದು ವರ್ಷ ಜೈಲಿನಲ್ಲಿದ್ದು ಬರಿಗೈಲಿ ಬಂದವಳು ಇನ್ನೇನು ಮಾಡಬೇಕಿತ್ತು? ಗದ್ದೆಗೆ ದನ ನುಗ್ಗಿ ಪೈರು ತಿಂದ ಮೇಲೆ ಪಂಚಾಯಿತಿಯವರು ಕೊಡಿಸಿದ ದುಡ್ಡನ್ನು ರೈತ ತೆಗೆದುಕೊಂಡರೆ, ದನ ನುಗ್ಗಿದ್ದಕ್ಕೆ ಅವನ ಒಪ್ಪಿಗೆ ಇತ್ತು ಎನ್ನುತ್ತೀರಾ? ಹಕ್ಕು ಬರೆಸಿಕೊಂಡ ಕಾಗದ ನಮ್ಮ ಹತ್ತಿರ ಇದೆ ಎಂದು ಸಿನಿಮಾದವರು ಸಾಮಾನ್ಯವಾಗಿ ಹೇಳುತ್ತಾರೆ. ಇರಬಹುದು. ಕಾಗದಕ್ಕೆ ಸಹಿ ಮಾಡಿಸಿಕೊಳ್ಳುವುದು ಬೇರೆ, ಎದುರಿಗೆ ಕುಳಿತು ‘ತಾಯಿ, ಈ ದೃಶ್ಯವನ್ನು ತೋರಿಸಬಹುದೇ?’ ಎಂದು ಕೇಳುವುದು ಬೇರೆ.

ಮುಂದೆ ಚಿತ್ರ ಇನ್ನೊಂದು ದಾರಿಯಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ದೂರಿದವಳು ಫೂಲನ್ ಅಲ್ಲ. ಚಿತ್ರದಲ್ಲಿ ತನ್ನ ಸಮುದಾಯಕ್ಕೆ ಅವಮಾನವಾಗಿದೆ, ದೃಶ್ಯಗಳು ಅಸಭ್ಯವಾಗಿವೆ ಎಂದು ಗಂಡಸೊಬ್ಬ ದೂರಿದ್ದ. ಆ ಬೆತ್ತಲೆಯ ದೃಶ್ಯ ನೋಡುವವರಲ್ಲಿ ಕಾಮವನ್ನಲ್ಲ, ಕರುಣೆಯನ್ನೂ ಹೇಸಿಗೆಯನ್ನೂ ಹುಟ್ಟಿಸುವಂಥದು ಎಂದು ಹೇಳಿ ಕೋರ್ಟು 1996ರ ಮೇ ತಿಂಗಳಲ್ಲಿ ಪ್ರದರ್ಶನಕ್ಕೆ ದಾರಿ ಮಾಡಿಕೊಟ್ಟಿತು. ನ್ಯಾಯಮೂರ್ತಿಗಳ ಮನಸ್ಸಿನಲ್ಲಿದ್ದ ಪ್ರೇಕ್ಷಕ ಸಜ್ಜನನಾಗಿರಬೇಕು. ನಮ್ಮೂರ ಗಾಂಧಿ ಕ್ಲಾಸಿನಲ್ಲಿ ಅಂದು ಅವನು ಇರಲಿಲ್ಲ. ಅದಿರಲಿ, ನೋಡುವವನಿಗೆ ಏನನ್ನಿಸುತ್ತದೆ ಎಂಬುದು ಅಲ್ಲಿ ಚರ್ಚೆಯಾಯಿತು. ಯಾರ ಮೈಮೇಲೆ ಅದು ನಡೆದಿತ್ತೋ ಅವಳಿಗೆ ಏನನ್ನಿಸುತ್ತದೆ ಎಂಬುದು ಆ ಮೊಕದ್ದಮೆಯ ಪ್ರಶ್ನೆಯೇ ಆಗಿರಲಿಲ್ಲ.

ವಿಚಿತ್ರವೆಂದರೆ ನಮ್ಮ ಕಾನೂನಿಗೆ ಈ ಸೂಕ್ಷ್ಮ ಗೊತ್ತಿಲ್ಲದೆ ಇಲ್ಲ. ಅತ್ಯಾಚಾರಕ್ಕೆ ಒಳಗಾದವಳ ಹೆಸರನ್ನು ಆಕೆಯ ಒಪ್ಪಿಗೆಯಿಲ್ಲದೆ ಅಚ್ಚು ಹಾಕುವುದು ಅಪರಾಧ ಎಂದು 1983ರಲ್ಲೇ ದಂಡ ಸಂಹಿತೆಗೆ 228-ಎ ಕಲಮು ಸೇರಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 72ನೆಯ ಕಲಮಾಗಿ ಮುಂದುವರಿದಿದೆ. 1994ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ‘ಆಟೋ ಶಂಕರ್’ ಎಂಬ ಮರಣದಂಡನೆಯ ಕೈದಿಯ ಆತ್ಮಕಥೆಯ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು. ಯಾರದೇ ಸಂಸಾರ, ದಾಂಪತ್ಯ, ತಾಯ್ತನದಂಥ ವಿಷಯವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಪ್ರಕಟಿಸಬಹುದು. ಆದರೆ ಅತ್ಯಾಚಾರ, ಅಪಹರಣಗಳಿಗೆ ಒಳಗಾದ ಹೆಂಗಸಿನ ಹೆಸರನ್ನೂ ಆ ಘಟನೆಯನ್ನೂ ಪ್ರಚಾರಕ್ಕೆಳೆದು ಅವಳಿಗೆ ಮತ್ತೆ ಅವಮಾನ ಮಾಡುವಂತಿಲ್ಲ. ಹೀಗೆ, ಪತ್ರಿಕೆಯವನು ಹೆಸರು ಅಚ್ಚು ಹಾಕಿದರೆ ಜೈಲು. ಸಿನಿಮಾದವನು ಹೆಸರಿಟ್ಟು, ಮುಖ ಕೊಟ್ಟು, ಘಟನೆಯನ್ನೇ ಮತ್ತೆ ನಡೆಸಿ ತೋರಿಸಿದರೆ ರಾಷ್ಟ್ರಪ್ರಶಸ್ತಿ.

ಇಷ್ಟು ಕಟುವಾಗಿ ಮಾತಾಡುವ ನಾನೇನು ಮಹಾ ಸಾಚಾ ಅಲ್ಲ. ನನ್ನ ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಹದಿನೈದಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಜೀವ ಸವೆಸಿದವಳು. ಒಂದು ಮಧ್ಯಾಹ್ನ ನನ್ನ ಜೊತೆ ಅಕ್ಕಿ ಆರಿಸುತ್ತ, ತನ್ನ ಇಪ್ಪತ್ತರ ವಯಸ್ಸಿನಲ್ಲಿ ಒಂದು ರಾತ್ರಿ ಬಾವಿಕಟ್ಟೆಯ ತನಕ ಹೋಗಿ ಹಿಂತಿರುಗಿದೆ ಎಂದಳು. ಯಾಕೆ ಹೋದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಅದರ ಮೇಲೊಂದು ಕಥೆ ಬರೆದೆ. ‘ಯಾಕೆ’ ಎಂಬುದಕ್ಕೆ ಮನೆಯ ಗಂಡಸೊಬ್ಬನನ್ನು ತಂದು ಸೇರಿಸಿದೆ. ಅದಿಲ್ಲದೆ ಕಥೆ ನಿಲ್ಲುತ್ತಿರಲಿಲ್ಲ. ಹೆಸರು ಬದಲಾಯಿಸಿದ್ದೆ, ಊರು ಬದಲಾಯಿಸಿದ್ದೆ. ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ವಿಧವೆಯರ ನೋವಿಗೆ ದನಿ ಕೊಟ್ಟಿದ್ದೀರಿ ಎಂದು ಓದುಗರ ಕಾಗದಗಳು ಬಂದವು. ನಾನು ಹಿಗ್ಗಿದೆ.

ಆದರೆ ಬೋಳುತಲೆ, ಬಾವಿಕಟ್ಟೆ, ಮೂಗಿನ ಮೇಲಿನ ಮಚ್ಚೆ ಎಂದೆಲ್ಲ ಬರೆದ ಮೇಲೆ ಊರಿನವರಿಗೆ ಗುರುತು ಹತ್ತಲು ಎಷ್ಟು ಹೊತ್ತು? ದಾಯಾದಿಗಳ ಮನೆಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರಂತೆ. ‘ಅವನೇ ಇರಬೇಕು’, ‘ಇವನೇ ಇರಬೇಕು’ ಎಂದು ಸತ್ತುಹೋದ ಗಂಡಸರನ್ನೆಲ್ಲ ಎಣಿಸಿದರಂತೆ. ಮುಂದಿನ ಸಲ ಊರಿಗೆ ಹೋದಾಗ ಅತ್ತೆ ಜಗುಲಿಯ ತುದಿಯಲ್ಲಿ ಕುಳಿತಿದ್ದಳು. ಬೈಯಲಿಲ್ಲ.

“ಬಾವಿಕಟ್ಟೆ ತನಕ ನಾನು ಹೇಳಿದ್ದು. ಅಲ್ಲಿಂದ ಮುಂದಿಂದು ನೀನು ಬರೆದಿದ್ದು. ಜನ ಎರಡನ್ನೂ ನನ್ನ ತಲೆಗೇ ಕಟ್ಟಿದ್ರು. ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲೇ?” ಎಂದಳು.

ಆಮೇಲೆ ಇನ್ನೂ ಒಂಬತ್ತು ವರ್ಷ ಬದುಕಿದ್ದಳು. ಊಟ ಬಡಿಸಿದಳು, ತಲೆ ನೇವರಿಸಿದಳು. ಆದರೆ ತನ್ನ ವಿಷಯ ಎಂದು ಒಂದು ಮಾತನ್ನೂ ನನ್ನ ಮುಂದೆ ಆಡಲಿಲ್ಲ. ಒಳ್ಳೆಯ ಉದ್ದೇಶದಿಂದಲೇ ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಅತ್ತೆ ಲೋಕಕ್ಕೆ ಗೊತ್ತಿದ್ದವಳಲ್ಲ. ನನ್ನ ಕಥೆ ಒಂದು ಊರಿನ ಹತ್ತು ಮನೆಗಳಲ್ಲಿ ಮಾಡಿದ್ದನ್ನು ಸಿನಿಮಾ ಹತ್ತು ದೇಶಗಳಲ್ಲಿ ಮಾಡುತ್ತದೆ. ಅಕ್ಷರವನ್ನು ಓದಿದವರು ‘ಹೀಗೆ ಬರೆದಿದ್ದಾರೆ’ ಎನ್ನುತ್ತಾರೆ. ತೆರೆಯ ಮೇಲೆ ಕಂಡವರು ‘ಹೀಗೆ ಆಯಿತು’ ಎನ್ನುತ್ತಾರೆ. ನಿಜವಾದ ಮುಖ ಮರೆತು ನಟಿಯ ಮುಖವೇ ಉಳಿಯುತ್ತದೆ.

ಈಗ ನನಗೆ ಎದುರಾಡುವವರ ಮಾತಿಗೆ ಬರುತ್ತೇನೆ. ಅವರದು ಹಗುರವಾದ ವಾದವಲ್ಲ. ‘ಎಲ್ಲರ ಒಪ್ಪಿಗೆ ಕೇಳುತ್ತ ಕೂತರೆ ಯಾವ ಮಂತ್ರಿಯ, ಯಾವ ಸರ್ವಾಧಿಕಾರಿಯ ಬಗ್ಗೆ ಸತ್ಯ ಹೇಳಲಾಗುತ್ತದೆ?’ ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ. 1975ರಲ್ಲಿ ಗುಲ್ಜಾರರ ‘ಆಂಧಿ’ಯ ನಾಯಕಿ ಇಂದಿರಾ ಗಾಂಧಿಯವರನ್ನು ಹೋಲುತ್ತಾಳೆ ಎಂದು ತುರ್ತುಪರಿಸ್ಥಿತಿಯಲ್ಲಿ ಚಿತ್ರವನ್ನು ನಿಲ್ಲಿಸಿದರು. ‘ಕಿಸ್ಸಾ ಕುರ್ಸೀ ಕಾ’ ಎಂಬ ವಿಡಂಬನೆಯ ಪ್ರಿಂಟುಗಳನ್ನೂ ನೆಗೆಟಿವನ್ನೂ ನಾಶ ಮಾಡಿದರು. ಆ ಕಾಲವನ್ನು ಕಂಡ ನಾನು, ಸರ್ಕಾರದ ಕತ್ತರಿ ಇನ್ನಷ್ಟು ಹರಿತವಾಗಲಿ ಎಂದು ಎಂದೂ ಹೇಳುವವಳಲ್ಲ. ಒಪ್ಪಿಗೆ ಪಡೆದು, ಮನೆಯವರ ಮುಂದೆ ಕೈಕಟ್ಟಿ ನಿಂತು ತೆಗೆದ ಚಿತ್ರಗಳು ಎಂಥ ಮಂಗಳಾರತಿಗಳಾಗುತ್ತವೆ ಎಂದೂ ನೋಡಿದ್ದೇವೆ.

ಆದರೆ ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಧಿಕಾರವಿದ್ದವರು ತಮಗಾಗದ ಚಿತ್ರವನ್ನು ಬೂದಿ ಮಾಡಿದರು. ಅಧಿಕಾರವಿಲ್ಲದ ಫೂಲನ್ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು, ಕಡೆಗೆ ರಾಜಿಯಾದಳು. ‘ಪಬ್ಲಿಕ್ ಫಿಗರ್’ ಎಂಬ ಒಂದೇ ಬುಟ್ಟಿಗೆ ಇಬ್ಬರನ್ನೂ ಹಾಕುವುದು ಯಾವ ನ್ಯಾಯ? ಮಂತ್ರಿ ಏನು ಆಜ್ಞೆ ಮಾಡಿದ, ಯಾರಿಂದ ಲಂಚ ತಿಂದ, ಯಾರ ಮೇಲೆ ಗುಂಡು ಹಾರಿಸಲು ಹೇಳಿದ ಎಂಬುದು ನಮ್ಮೆಲ್ಲರ ಸ್ವತ್ತು. ಅದಕ್ಕೆ ಅವನ ಅಪ್ಪಣೆ ಬೇಡ. ಅದೇ ಆಟೋ ಶಂಕರ್ ತೀರ್ಪೂ ಅಧಿಕಾರಿಗಳು ತಮ್ಮ ಕರ್ತವ್ಯದ ನಡತೆಗೆ ಖಾಸಗಿತನದ ಮುಸುಕು ಹಾಕುವಂತಿಲ್ಲ ಎಂದಿತ್ತು. ನನ್ನ ಬೇಲಿ ಇರುವುದು ಬೇರೆ ಕಡೆ. ಒಬ್ಬರು ಇನ್ನೊಬ್ಬರಿಗೆ ಮಾಡಿದ್ದನ್ನು ಹೇಳಲು ಅಪ್ಪಣೆ ಬೇಡ. ಒಬ್ಬರ ಮೇಲೆ ನಡೆದದ್ದನ್ನು ಹೇಳಲು ಅಪ್ಪಣೆ ಬೇಕು. ಬೆಹಮಾಯಿಯ 20 ಹೆಣಗಳ ಬಗ್ಗೆ ಫೂಲನ್‌ಳನ್ನು ಎಷ್ಟು ಬೇಕಾದರೂ ಪ್ರಶ್ನಿಸಿ. ಅಲ್ಲಿಯ ತಾಯಂದಿರಿಗೂ ಕಣ್ಣೀರಿದೆ. ಆದರೆ ಅವಳ ಬರಿಮೈ ಯಾವ ಇತಿಹಾಸದ ಸ್ವತ್ತೂ ಅಲ್ಲ.

ಇದು ಬಡವರ, ನಮ್ಮ ದೇಶದವರ ಗೋಳು ಮಾತ್ರ ಎಂದುಕೊಳ್ಳಬೇಡಿ. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ಮೆಲನಿಯಾಗಿದ್ದ ಒಲಿವಿಯಾ ಡಿ ಹ್ಯಾವಿಲೆಂಡ್, 2017ರಲ್ಲಿ ತಮ್ಮ 101ನೆಯ ಹುಟ್ಟುಹಬ್ಬದ ಹಿಂದಿನ ದಿನ ಅಮೆರಿಕದ ಒಂದು ಟಿ.ವಿ. ಸಂಸ್ಥೆಯ ಮೇಲೆ ದಾವೆ ಹೂಡಿದರು. ‘ಫ್ಯೂಡ್’ ಎಂಬ ಧಾರಾವಾಹಿಯಲ್ಲಿ ಅವರ ಹೆಸರಿನ ಪಾತ್ರ, ಅವರೆಂದೂ ಕೊಡದ ಸಂದರ್ಶನ ಕೊಡುತ್ತದೆ, ಸ್ವಂತ ತಂಗಿಯನ್ನು ಒಂದು ಕೊಳಕು ಮಾತಿನಿಂದ ಕರೆಯುತ್ತದೆ. ಬದುಕಿದ್ದ ಅವರನ್ನು ಯಾರೂ ಕೇಳಿರಲಿಲ್ಲ. ಇಂಥ ಚಿತ್ರಣಕ್ಕೆ ಅನುಮತಿ ಬೇಕಿಲ್ಲ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು 2018ರಲ್ಲಿ ಅವರ ದಾವೆಯನ್ನು ತಳ್ಳಿಹಾಕಿತು. 104 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಶತಾಯುಷಿ ಹೆಂಗಸೊಬ್ಬಳು ‘ಆ ಮಾತು ನನ್ನದಲ್ಲ’ ಎಂದು ಹೇಳಲು ಕೋರ್ಟಿಗೆ ಅಲೆಯಬೇಕಾಯಿತು.

ಸತ್ತವರ ಪಾಡು ಇನ್ನೂ ಕಷ್ಟ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 2016ರಲ್ಲಿ ತೀರಿಕೊಂಡ ಮೇಲೆ, 2019ರಲ್ಲಿ ‘ಕ್ವೀನ್’ ಸರಣಿ ಬಂತು, 2021ರಲ್ಲಿ ‘ತಲೈವಿ’ ಸಿನಿಮಾ ಬಂತು. ಅವರ ಸೋದರನ ಮಗಳು ಮದರಾಸು ಹೈಕೋರ್ಟಿಗೆ ಹೋದರು. ಖಾಸಗಿತನದ ಹಕ್ಕು ಆಸ್ತಿಯ ಹಾಗೆ ವಾರಸುದಾರರಿಗೆ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಆರು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡವರ ಆಡಳಿತವನ್ನು ಯಾರು ಬೇಕಾದರೂ ಜಾಲಾಡಲಿ. ಆದರೆ ಇಂಥ ಚಿತ್ರಗಳ ಕಣ್ಣು ಮೊದಲು ಹೋಗುವುದು ‘ಅವಳು ಯಾರನ್ನು ಪ್ರೀತಿಸಿದ್ದಳು’ ಎಂಬಲ್ಲಿಗೆ. ಗಂಡಸಿನ ಜೀವನಚಿತ್ರದಲ್ಲಿ ಅವನ ಕೆಲಸ ನಾಯಕ. ಹೆಂಗಸಿನ ಜೀವನಚಿತ್ರದಲ್ಲಿ ಅವಳ ಮೈ, ಅವಳ ಮನಸ್ಸು ಒಡೆದ ಗಂಡಸು, ಇವೇ ಮುಖ್ಯ.

ನಮ್ಮ ಕನ್ನಡದ ಮಾತಿಗೇ ಬಂದರೆ, ವೀರಪ್ಪನ್ ಮೇಲಿನ ‘ಅಟ್ಟಹಾಸ’ 2013ರಲ್ಲಿ ತೆರೆಗೆ ಬರುವ ಮೊದಲು ಅವನ ಹೆಂಡತಿ ಕೋರ್ಟಿಗೆ ಹೋದಳು. ವೀರಪ್ಪನ್‌ಗಾಗಿ ನನ್ನಲ್ಲಿ ಒಂದು ತೊಟ್ಟು ಕಣ್ಣೀರೂ ಇಲ್ಲ. 2000ದಲ್ಲಿ ಅವನು ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿಟ್ಟಾಗ ನಮ್ಮ ಮನೆಯಲ್ಲಿ ದಿನವೂ ದೇವರಿಗೆ ದೀಪ ಹಚ್ಚಿದವಳು ನಾನು. ಅವನ ಪಾಪಗಳನ್ನು ಧಾರಾಳವಾಗಿ ತೋರಿಸಲಿ. ಆದರೆ ಶಾಲೆಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿರುವ ವಿಧವೆ ‘ನಮ್ಮನ್ನು ಬಿಟ್ಟುಬಿಡಿ’ ಎಂದರೆ ಅದು ಕಳ್ಳನ ಹೆಂಡತಿಯ ಮಾತೆಂದು ನಕ್ಕುಬಿಡಲು ನನಗಾಗಲಿಲ್ಲ.

ಆರಂಭದ ಆ ಚೀಟಿಯಿಂದ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಬ್ರಿಟನ್ನಿನ ರಾಜಮನೆತನದ ಮೇಲಿನ ‘ದ ಕ್ರೌನ್’ ಸರಣಿಗೆ ಹಾಗೊಂದು ಸೂಚನೆ ಇರಲೇಬೇಕೆಂದು 2022ರಲ್ಲಿ ಹಿರಿಯ ನಟಿ ಜೂಡಿ ಡೆಂಚ್ ಪತ್ರಿಕೆಗೆ ಕಾಗದ ಬರೆದರು. ಸೂಚನೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ಕೈಯಲ್ಲಿ ‘ನಿಜ’ ಎಂದು ಮಾರಿ, ಇನ್ನೊಂದು ಕೈಯಲ್ಲಿ ‘ಕಲ್ಪನೆ’ ಎಂದು ರಸೀದಿ ಕೊಡುವುದು ಯಾವ ವ್ಯಾಪಾರ? ನಿಜವೆಂದರೆ ಪುರಾವೆ ಕೊಡಲಿ. ಕಲ್ಪನೆಯೆಂದರೆ ಹೆಸರು ಬಿಡಲಿ. ಎರಡರ ಲಾಭವೂ ಬೇಕು, ಎರಡರ ಹೊಣೆಯೂ ಬೇಡ ಎಂದರೆ ಆಗದು.

ಫೂಲನ್ ದೇವಿಯನ್ನು 2001ರ ಜುಲೈ 25ರಂದು ದಿಲ್ಲಿಯಲ್ಲಿ ಅವಳ ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಬೆಹಮಾಯಿಯ ಸೇಡು ಎಂದು ಕೊಂದವನು ಹೇಳಿಕೊಂಡ. ಸಿನಿಮಾದಿಂದ ಅವಳು ಸತ್ತಳು ಎಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ ಕಾರಣವನ್ನು ತಂದು ಕಥೆಗೆ ಸೇರಿಸುವ ತಪ್ಪನ್ನು ಒಮ್ಮೆ ಮಾಡಿದ್ದೇನೆ, ಸಾಕು. ತಾನು ಅಲ್ಲಿ ಕೊಲ್ಲಲಿಲ್ಲ ಎಂದು ಅವಳು ಹೇಳುತ್ತಿದ್ದಾಗಲೂ ಊರೂರಿನ ಟಾಕೀಸುಗಳ ತೆರೆಯ ಮೇಲೆ ಅವಳು ಅಲ್ಲಿದ್ದಳು. ನಾನು ಹೇಳಬಲ್ಲದ್ದು ಇಷ್ಟೇ.

ಕಾನೂನು ಏನಾದರೂ ಮಾಡಲಿ, ಟಿಕೆಟ್ಟು ಕೊಳ್ಳುವವರು ನಾವು. ಅಂದು ಟಾಕೀಸಿನಲ್ಲಿ ಶಿಳ್ಳೆ ಹೊಡೆದವರು ಕೊಟ್ಟ ದುಡ್ಡೂ, ಬಾಲ್ಕನಿಯಲ್ಲಿ ಅತ್ತ ನಾನು ಕೊಟ್ಟ ದುಡ್ಡೂ ಒಂದೇ ಪೆಟ್ಟಿಗೆಗೆ ಬಿತ್ತು. ಈಗ ಟಾಕೀಸು ಮನೆಯೊಳಗೇ ಬಂದಿದೆ, ಮಕ್ಕಳ ಅಂಗೈಗೆ ಬಂದಿದೆ. ಆದ್ದರಿಂದ ಇನ್ನು ಮೇಲೆ ಆ ‘ನಿಜ ಘಟನೆ’ಯ ಸಾಲು ಬಂದಾಗಲೆಲ್ಲ ಕೇಳಿಕೊಳ್ಳೋಣ. ಇವಳು ಬದುಕಿದ್ದಾಳೆಯೇ? ಇವಳ ಎದುರು ಕುಳಿತು ಕೇಳಿದರೇ? ಇವಳು ಹೇಳದೆ ಬಿಟ್ಟದ್ದನ್ನು ಇವರು ಎಲ್ಲಿಂದ ತಂದರು? ಉತ್ತರ ಸಿಗದಿದ್ದರೆ ‘ಅಯ್ಯೋ, ಇವಳು ಹೀಗಾ’ ಎಂದು ಪಕ್ಕದ ಮನೆಗೆ ಹೇಳದಿರುವಷ್ಟಾದರೂ ನಮ್ಮ ಕೈಯಲ್ಲಿದೆ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅತ್ತೆಯ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, “ಯಾಕೆ ಹೋಗಿದ್ರಂತೆ ಬಾವಿ ಹತ್ರ?” ಎಂದು ಕೇಳಿದಳು.

“ಗೊತ್ತಿಲ್ಲ ಕಣೇ, ಅವಳು ಹೇಳಲಿಲ್ಲ” ಎಂದೆ.